ಕಡತದ ನಲವತ್ತೊಂದನೇ ಪುಟ

ಜನವರಿ 6

ಜಡ್ಜಮ್ಮನಿಗೆ ತಮ್ಮನ ನಮಸ್ಕಾರ.

ಬೆಳಿಗ್ಗೆ ಪೇಪರ್ ಓದುತ್ತಿದ್ದ ಮೇಷ್ಟ್ರು ಕನ್ನಡಕ ಹಣೆಗೇರಿಸಿ, "ನಿಮ್ಮಕ್ಕ ನಮ್ಮ ಅಂಗಡಿ ಬಾಗಿಲು ಹಾಕಿಸ್ತಿದ್ದಾರೆ ಕಣಪ್ಪಾ" ಅಂದರು. ನೋಡಿದರೆ ಹೌದು. ಕೃತಕ ಬುದ್ಧಿಮತ್ತೆ ಸುರಕ್ಷತಾ ಮಸೂದೆ, ಕರಡು ಪ್ರತಿ, ಅರ್ಧ ಪುಟ. ಬರೆದವರು ಯಾರು ಎಂದು ಹಾಕಿಲ್ಲ. ಹಾಕುವ ಅಗತ್ಯವೂ ಇಲ್ಲ. "ಮೇಲ್ಕಂಡ ಯಾವುದಕ್ಕೂ ಬಾಧಕವಿಲ್ಲದೆ" ಎಂದು ಮೂರು ಸಾಲಿಗೊಮ್ಮೆ ಬರೆಯುವವರು ನಮ್ಮ ವಂಶದಲ್ಲಿ ಒಬ್ಬಳೇ. ಹತ್ತನೇ ವಯಸ್ಸಿಗೆ ಗೋಲಿಯಾಟಕ್ಕೆ ಹದಿನಾಲ್ಕು ನಿಯಮ ಬರೆದು ಗೋಡೆಗೆ ಅಂಟಿಸಿದವಳು ನೀನು. ಆ ನಿಯಮಗಳು ಜಾರಿಯಲ್ಲಿದ್ದಷ್ಟು ಕಾಲ ನಾನು ಒಂದು ಗೋಲಿಯನ್ನೂ ಗೆಲ್ಲಲಿಲ್ಲ.

ಈಗ ಒಂಬತ್ತನೇ ಕಲಮಿಗೆ ಬರುತ್ತೇನೆ. ಇಂಥ ಯಂತ್ರ ನಡೆಸುವ ಪ್ರತಿ ಸಂಸ್ಥೆಯಲ್ಲೂ ಮೂವರ ಸುರಕ್ಷತಾ ಸಮಿತಿ ಇರಬೇಕು, ಆ ಮೂವರು ಬೇರೆ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಅಕ್ಕಾ, ನಮ್ಮ ಸಂಸ್ಥೆಯಲ್ಲಿ ಇರುವುದೇ ಮೂರು ಜನ. ನಾನು, ನನ್ನ ಹೆಂಡತಿ, ಮೇಷ್ಟ್ರು. ಮೂವರೂ ಸಮಿತಿ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರೆ ಗಿಣಿಯನ್ನು ನೋಡಿಕೊಳ್ಳುವವರು ಯಾರು?

ನಿನ್ನ ಕಚೇರಿಯವರಿಗೆ ಗಿಣಿ ಯಾರೆಂದು ಗೊತ್ತಿರಲಾರದು. ಔಷಧಿ ಅಂಗಡಿಗಳ ಪರವಾಗಿ ಫೋನ್ ಎತ್ತುವ ನಮ್ಮ ಯಂತ್ರ. ಯಾವ ಗುಳಿಗೆ ಯಾವ ಹೊತ್ತಿಗೆ, ಊಟದ ಮುಂಚೆಯೋ ಆಮೇಲೋ ಎಂದು ಎಷ್ಟು ಸಲ ಕೇಳಿದರೂ ಬೇಸರವಿಲ್ಲದೆ ಹೇಳುತ್ತದೆ. ಮಿದುಳು ದೊಡ್ಡ ಕಂಪನಿಯದು, ನಾವು ಬಾಡಿಗೆಗೆ ತಂದವರು. ಮಾತು ಕಲಿಸಿದವರು ನಾವು. ಕನ್ನಡಕದ ಅಂಗಡಿಯ ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಕೂತು ಅರವತ್ತೆರಡು ಅಂಗಡಿಗಳ ಫೋನ್ ನೋಡಿಕೊಳ್ಳುತ್ತೇವೆ. ಆ ಅರ್ಧ ಕೋಣೆಯನ್ನಾದರೂ ಬಿಟ್ಟುಕೊಡು ತಾಯಿ.

ನಿನ್ನ ತಮ್ಮ

&nbsp;

ಜನವರಿ 16

ಮಾನ್ಯರೇ,

ದಿನಾಂಕ 6ರ ನಿಮ್ಮ ಪತ್ರ ತಲುಪಿದೆ. ಮಸೂದೆಯ ಕಡತದಲ್ಲಿ 17ನೇ ಪುಟವಾಗಿ ನಿನ್ನೆ ನೋಂದಣಿಯಾಗಿದೆ.

ಈ ಕಚೇರಿಯ ನಿಯಮದಂತೆ, ಕರಡು ಬರೆಯುವವರಿಗೆ ಮಸೂದೆಯ ಬಗ್ಗೆ ಯಾರೇ ಏನೇ ಹೇಳಿದರೂ ಅದು ಕಾಗದದ ಮೇಲೆ ಇರಬೇಕು. ಆ ಕಾಗದವೂ, ನಮ್ಮ ಉತ್ತರದ ಪ್ರತಿಯೂ ಕಡತಕ್ಕೆ ಸೇರಬೇಕು. ಹದಿನೈದು ದಿನಕ್ಕೊಮ್ಮೆ, ಒಂದನೇ ಮತ್ತು ಹದಿನೈದನೇ ತಾರೀಖು, ಕಾಗದದ ಚೀಲ ಕೆಳಗಿನ ದಾಖಲೆ ಕೋಣೆಗೆ, ಅಂದರೆ ದಫ್ತರಕ್ಕೆ ಹೋಗುತ್ತದೆ. ಆಮೇಲೆ ಅದು ಸಾರ್ವಜನಿಕರದು, ಯಾರು ಬೇಕಾದರೂ ಕೂತು ಓದಬಹುದು. ಚೀಲ ಹೋಗುವ ಮುಂಚೆ ಬರೆದವರು ಪತ್ರವನ್ನು ಹಿಂದಕ್ಕೆ ಪಡೆಯಬಹುದು. ಮಸೂದೆಯ ಕುರಿತು ಫೋನಿನಲ್ಲಿ ಮಾತಾಡುವಂತಿಲ್ಲ. ಸಂಬಂಧಿಕರಿಗೂ ರಿಯಾಯಿತಿ ಇಲ್ಲ.

ನಮ್ಮ ಮುಖ್ಯ ಕರಡುಗಾರರಿಗೆ ನಾವಿಬ್ಬರೂ ಅಕ್ಕ ತಮ್ಮ ಎಂಬ ವಿಷಯ ಮೊದಲೇ ತಿಳಿಸಿದ್ದೇನೆ. ಎಲ್ಲವೂ ಕಡತದಲ್ಲಿ ಇರುವ ತನಕ ಅಡ್ಡಿಯಿಲ್ಲ ಎಂದಿದ್ದಾರೆ.

ಒಂಬತ್ತನೇ ಕಲಮಿನ ಬಗ್ಗೆ ನಿಮ್ಮ ಆಕ್ಷೇಪಣೆಯನ್ನು ಗಮನಿಸಲಾಗಿದೆ. ಮುಂದಿನ ಪತ್ರಗಳಲ್ಲಿ ಗೋಲಿಯ ವಿಷಯ ಬೇಡ. ದಫ್ತರದ ಗುಮಾಸ್ತೆ ಓದಿ ಇಡೀ ಪಡಸಾಲೆಗೆ ಹೇಳಿದ್ದಾರೆ. ನಿನ್ನೆ ಸಭೆಯಲ್ಲಿ ಮುಖ್ಯ ಕರಡುಗಾರರು ನನ್ನನ್ನು "ಜಡ್ಜಮ್ಮ" ಎಂದು ಕರೆದು ನಾಲಿಗೆ ಕಚ್ಚಿಕೊಂಡರು.

ಕರಡು ಅಧಿಕಾರಿ

&nbsp;

ಜನವರಿ 22

ಮಾನ್ಯ ಕರಡು ಅಧಿಕಾರಿಗಳಿಗೂ, ಕಡತ ಓದುತ್ತಿರುವ ಗುಮಾಸ್ತೆ ಅಮ್ಮನವರಿಗೂ ನಮಸ್ಕಾರ.

"ಮಾನ್ಯರೇ" ಎಂದು ಓದಿ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮಾತ್ರ ಸ್ವಲ್ಪ ಚುಚ್ಚಿತು. ಮೂವತ್ತೆಂಟು ವರ್ಷದಲ್ಲಿ ನನ್ನನ್ನು ಕತ್ತೆ ಎಂದಿದ್ದೀಯ, ಮಂಗ ಎಂದಿದ್ದೀಯ, ಮಾನ್ಯ ಎಂದು ಬೈದದ್ದು ಇದೇ ಮೊದಲು.

ಸರಿ, ಕಾಗದದಲ್ಲೇ ಜಗಳವಾಡೋಣ. ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮೇಷ್ಟ್ರು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು, ಯಾರನ್ನೂ ಸುಲಭವಾಗಿ ನಂಬುವುದಿಲ್ಲ. ದಿನಾ ಬೆಳಿಗ್ಗೆ ಹಿಂದಿನ ದಿನದ ಕರೆಗಳಲ್ಲಿ ಇಪ್ಪತ್ತನ್ನು ಕಣ್ಣುಮುಚ್ಚಿ ಆರಿಸಿ, ಚಹಾ ಕುಡಿಯುತ್ತಾ ಪೂರ್ತಿ ಕೇಳುತ್ತಾರೆ. ಗಿಣಿ ಒಂದು ಮಾತು ತಪ್ಪಿದರೂ ಕೆಂಪು ಶಾಯಿಯಲ್ಲಿ ಬರೆದು ನನ್ನ ಮೇಜಿನ ಮೇಲಿಡುತ್ತಾರೆ. ಒಮ್ಮೆ ಗಿಣಿಗೆ ನೂರಕ್ಕೆ ಅರವತ್ತೊಂದು ಅಂಕ ಕೊಟ್ಟಿದ್ದರು. ಇದು ಸುರಕ್ಷತೆ ಅಲ್ಲವೇ? ಇದಕ್ಕೆ ಮೂವರ ಸಮಿತಿ ಬೇಕೇ? ಮಿದುಳು ಮಾಡುವವರಿಗೂ ಬಾಡಿಗೆಗೆ ತರುವವರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಅವರಿಗೆ ಬಿಗಿಯೂ ಆಗುವುದಿಲ್ಲ, ನಾವು ಅದರೊಳಗೆ ಕಾಣೆಯಾಗುತ್ತೇವೆ.

ಮಾನ್ಯ

&nbsp;

ಫೆಬ್ರವರಿ 2

ಪ್ರಿಯ ತಮ್ಮನಿಗೆ,

"ಮಾನ್ಯರೇ" ವಾಪಸು ತೆಗೆದುಕೊಂಡಿದ್ದೇನೆ. ಓದುವವರು ಹೇಗೂ ಓದುತ್ತಾರೆ. ಅವರಲ್ಲಿ ಒಬ್ಬರು ಯಾರು ಎಂದು ಹೇಳಿದರೆ ನೀನು ನಂಬುವುದಿಲ್ಲ. ನಮ್ಮ ಅಮ್ಮ.

ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಬಿಸಿಲು ಇದೆಯಾ ಎಂದಷ್ಟೇ ಮಾತಾಡುವುದನ್ನು ನನ್ನ ಮನೆಯಲ್ಲಿ ಪಕ್ಕದಲ್ಲೇ ಕೂತು ಕೇಳಿ ಅವಳಿಗೆ ಸಾಕಾಗಿ ಹೋಗಿದೆಯಂತೆ. ಯಾರೋ ದಫ್ತರದ ವಿಷಯ ಹೇಳಿದರು. ಇವತ್ತು ಬೆಳಿಗ್ಗೆ ಚೀಲದಲ್ಲಿ ಕನ್ನಡಕ, ನೀರಿನ ಬಾಟಲಿ ಹಾಕಿಕೊಂಡು ಬಂದು, ಅರ್ಜಿ ತುಂಬಿ, ಇಡೀ ಕಡತ ತರಿಸಿಕೊಂಡು ಕೂತಳು. ನಾನು ಮಹಡಿ ಇಳಿಯುವಾಗ ಕಣ್ಣಿಗೆ ಬಿದ್ದಳು. "ಇಲ್ಲಿ ಏನ್ಮಾಡ್ತಿದ್ದೀಯಮ್ಮಾ?" ಅಂದರೆ, "ಸುಮ್ನಿರು, ಜಗಳ ಚೆನ್ನಾಗಿದೆ" ಅಂದಳು. ಗುಮಾಸ್ತೆ ಅವಳಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಟ್ಟಿದ್ದಾರೆ.

ನಿನ್ನ ಅಂಗಿಯ ಮಾತು ಮುಖ್ಯ ಕರಡುಗಾರರಿಗೆ ಹಿಡಿಸಿತು. ಒಂಬತ್ತನೇ ಕಲಮನ್ನು ಮತ್ತೆ ಬರೆಯುತ್ತಿದ್ದೇನೆ. ಆದರೆ ನನ್ನ ತಲೆನೋವು ಈಗ ಹದಿನಾಲ್ಕನೇ ಕಲಮು. ಯಂತ್ರ ತಪ್ಪು ಮಾಡಿದಾಗ ಅದನ್ನು ರಾಜ್ಯಕ್ಕೆ ತಿಳಿಸಬೇಕು, ತಿಳಿಸಿದವರಿಗೆ ಯಾರೂ ತೊಂದರೆ ಕೊಡಬಾರದು. ಇಷ್ಟೇ ಅದರ ಸಾರ. ದೊಡ್ಡ ಕಂಪನಿಗಳ ಒಕ್ಕೂಟದ ವಕೀಲರು ಮೂರು ಸಲ ಬಂದು ಹೋದರು. ಇದೆಲ್ಲ ಕೇಂದ್ರ ಮಾಡಬೇಕಾದ ಕೆಲಸ, ಒಂದೊಂದು ರಾಜ್ಯ ಒಂದೊಂದು ಕಾನೂನು ಮಾಡಿದರೆ ಕಂಪನಿಗಳು ಗಡಿ ದಾಟಿ ಹೋಗುತ್ತವೆ ಎನ್ನುತ್ತಾರೆ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಸತ್ವವಿದೆ. ಆದರೆ ಅವರ ಇನ್ನೊಂದು ಮಾತು ನನ್ನನ್ನು ಕಾಡುತ್ತದೆ: "ಎರಡು ವರ್ಷದಲ್ಲಿ ಒಂದೇ ಒಂದು ತಪ್ಪು ವರದಿಯಾಗಿಲ್ಲ. ಇಲ್ಲದ ಕಾಯಿಲೆಗೆ ಮದ್ದು ಯಾಕೆ?"

ಅಂದ ಹಾಗೆ, ಅಮ್ಮ ಕಳೆದ ವಾರ ತನ್ನ ಬಿ.ಪಿ. ಗುಳಿಗೆಯ ಬಗ್ಗೆ ಕೇಳಲು ಗಿಣಿಗೆ ಫೋನ್ ಮಾಡಿದಳಂತೆ. ಎರಡು ದಿನವೂ "ಲೈನ್ ರಿಪೇರಿಯಲ್ಲಿದೆ" ಎಂದು ಬಂತಂತೆ. ಎಲ್ಲ ಸರಿಯಿದೆಯಾ?

ಅಕ್ಕ

&nbsp;

ಫೆಬ್ರವರಿ 7

ಅಕ್ಕಾ,

ಲೈನ್ ರಿಪೇರಿ ಆಗಿತ್ತು. ಈಗ ಸರಿಯಾಗಿದೆ. ಇಲ್ಲಿ ಹವೆ ಚೆನ್ನಾಗಿದೆ. ಮೇಷ್ಟ್ರು ಹೊಸ ಚಪ್ಪಲಿ ಕೊಂಡರು.

ತಮ್ಮ

&nbsp;

ಫೆಬ್ರವರಿ 12

ಪ್ರಿಯ ತಮ್ಮನಿಗೆ,

ನಾಲ್ಕು ಸಾಲಿನ ಕಾಗದ, ಅದರಲ್ಲಿ ಒಂದು ಸಾಲು ಮೇಷ್ಟ್ರ ಚಪ್ಪಲಿಗೆ. ನಿನಗೆ ನನ್ನ ಮೇಲೆ ಸಿಟ್ಟು ಎಂದು ಅರ್ಥವಾಯಿತು. "ಮಾನ್ಯರೇ" ಎಂದದ್ದು ಇಷ್ಟು ನೋಯಿಸುತ್ತದೆ ಎಂದುಕೊಂಡಿರಲಿಲ್ಲ. ನೀನು ಚಿಕ್ಕಂದಿನಲ್ಲೂ ಹೀಗೆಯೇ, ಕೋಪ ಬಂದರೆ ಹವೆಯ ಬಗ್ಗೆ ಮಾತಾಡುತ್ತಿದ್ದೆ. ಇಲ್ಲ, ಮನೆಯಲ್ಲಿ ಏನಾದರೂ ಜಗಳ ಆಯಿತೋ? ಆಗಿದ್ದರೆ ತಪ್ಪು ನಿನ್ನದೇ, ಹೋಗಿ ಕ್ಷಮೆ ಕೇಳು.

ಸಮಾಧಾನಕ್ಕೆ ಒಂದು ಸುದ್ದಿ. ಒಂಬತ್ತನೇ ಕಲಮು ಬದಲಾಯಿತು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಸಮಿತಿ ಬೇಡ, ದಿನಾ ಒಂದಿಷ್ಟು ಕರೆಗಳನ್ನು ಸ್ವತಃ ಕೇಳಿ ಸಹಿ ಹಾಕುವ ಒಬ್ಬರು ಇದ್ದರೆ ಸಾಕು. ಮೇಷ್ಟ್ರಿಗೆ ಹೇಳು, ಅವರ ಚಹಾದ ಹೊತ್ತು ಕಾನೂನಿಗೆ ಸೇರುತ್ತಿದೆ. ಮಿದುಳು ಮಾಡುವ ಕಂಪನಿಗಳಿಗೆ ಪೂರ್ತಿ ಪರೀಕ್ಷೆ ಹಾಗೆಯೇ ಇದೆ.

ಹದಿನಾಲ್ಕನೇ ಕಲಮು ಉಳಿಯುವುದು ಕಷ್ಟ. ಒಂದೂ ಉದಾಹರಣೆ ಇಲ್ಲದೆ ಸಮಿತಿಯ ಮುಂದೆ ಹೋಗಲಾಗದು, ತಿಂಗಳ ಕೊನೆಯ ತನಕ ನೋಡಿ ಕೈಬಿಡೋಣ ಎಂದರು ಮುಖ್ಯ ಕರಡುಗಾರರು. ಬರೆದ ಕಲಮುಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಅದು.

ಅಕ್ಕ

&nbsp;

ಫೆಬ್ರವರಿ 18

ಅಕ್ಕಾ,

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಮನೆಯಲ್ಲಿ ಜಗಳವೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ಇಪ್ಪತ್ತೆರಡು ದಿನದಿಂದ ಅನಿಸುತ್ತಿದೆ. ಲೈನ್ ರಿಪೇರಿ ಎಂದದ್ದು ಸುಳ್ಳು.

ಜನವರಿ 27ರ ಬೆಳಿಗ್ಗೆ ಮೇಷ್ಟ್ರು ಎಂದಿನಂತೆ ಕರೆಗಳನ್ನು ಕೇಳುತ್ತಿದ್ದರು. ಹನ್ನೊಂದನೆಯದು ಒಬ್ಬ ನಿವೃತ್ತ ನರ್ಸಮ್ಮನದು. ಬೆಳಗಿನ ರಕ್ತದೊತ್ತಡದ ಗುಳಿಗೆ ಮರೆತಿದ್ದೇನೆ, ಏನು ಮಾಡಲಿ ಎಂದು ಕೇಳಿದ್ದರು. ಬಿಟ್ಟುಬಿಡಿ, ಮುಂದಿನದನ್ನು ಹೊತ್ತಿಗೆ ಸರಿಯಾಗಿ ತಗೊಳ್ಳಿ, ಅನುಮಾನ ಇದ್ದರೆ ಅಂಗಡಿಯವರನ್ನು ಕೇಳಿ ಎನ್ನುವುದು ನಾವು ಗಿಣಿಗೆ ಕಲಿಸಿದ ಉತ್ತರ. ಆ ದಿನ ಗಿಣಿ ಅಷ್ಟೇ ಸಿಹಿಯಾಗಿ, "ಸಂಜೆ ಎರಡನ್ನೂ ಸೇರಿಸಿ ತಗೊಳ್ಳಿ" ಎಂದಿತ್ತು. ನರ್ಸಮ್ಮ ಬಿಡಲಿಲ್ಲ. "ಯಾರಮ್ಮಾ ನೀನು? ಎಲ್ಲಿ ಓದಿದ್ದು? ನಿಮ್ಮ ದೊಡ್ಡವರನ್ನ ಕರಿ" ಎಂದು ಎರಡು ನಿಮಿಷ ಬೈದಿದ್ದರು. ಮೇಷ್ಟ್ರ ಕೈಲಿದ್ದ ಲೋಟ ಅಲ್ಲೇ ನಿಂತಿತು. ಎದ್ದುಹೋಗಿ ಗಿಣಿಯನ್ನು ಬಂದ್ ಮಾಡಿದರು.

ಹುಡುಕಿದರೆ ಹಿಂದಿನ ದಿನ ಇನ್ನೂ ಮೂರು ಜನಕ್ಕೆ ಹಾಗೆಯೇ ಹೇಳಿತ್ತು. ನನ್ನ ಹೆಂಡತಿ ಮೂವರಿಗೂ ಫೋನ್ ಮಾಡಿದಳು. ಇಬ್ಬರು ತಗೊಂಡಿರಲಿಲ್ಲ. ಒಬ್ಬ ಬಡಗಿ ಎರಡನ್ನೂ ನುಂಗಿ, ತಲೆ ಸುತ್ತಿ, ಕೆಲಸ ಬಿಟ್ಟು ಮಲಗಿದ್ದರು. ನಾನು ಅವರ ಮನೆಗೆ ಓಡಿದೆ. ಡಾಕ್ಟರು ನೋಡಿ ಏನೂ ಆಗಿಲ್ಲ ಎನ್ನುವ ತನಕ ಅವರ ಅಂಗಳದಲ್ಲಿ ಅರ್ಧ ಮಾಡಿದ ಸ್ಟೂಲಿನ ಮೇಲೆ ಕೂತಿದ್ದೆ. ಬೆವರು ಇಳಿದು ಅಂಗಿ ಒದ್ದೆಯಾಗಿತ್ತು. ಆ ಮನುಷ್ಯ ಎದ್ದು ಬಂದು ನನಗೇ ನೀರು ಕೊಟ್ಟರು.

ಆದದ್ದು ಇಷ್ಟು. ದೊಡ್ಡ ಕಂಪನಿಯವರು 26ರಂದು ಮಿದುಳು ಬದಲಾಯಿಸಿದ್ದರು. ನಮಗೆ ಒಂದು ಸಾಲೂ ತಿಳಿಸಿರಲಿಲ್ಲ. ನಾನು ದೂರು ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ಉತ್ತರ ಬಂತು, ಅದನ್ನೂ ಯಂತ್ರವೇ ಬರೆದದ್ದು. ಎರಡು ದಿನ ಕೂತು ಗಿಣಿಗೆ ನಾವೇ ಬೇಲಿ ಹಾಕಿದೆವು, ಗುಳಿಗೆ ಮರೆತವರೆಲ್ಲರ ಕರೆ ಈಗ ನೇರ ಅಂಗಡಿಗೆ ಹೋಗುತ್ತದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಕಂಪನಿಯ ಜೊತೆಗಿನ ಕರಾರಿನಲ್ಲಿ ಒಂದು ಸಾಲಿದೆ. ಅವರ ಯಂತ್ರದ ದೋಷದ ಬಗ್ಗೆ ಹೊರಗೆ ಬಾಯಿ ಬಿಟ್ಟರೆ ಸಂಪರ್ಕ ಕಡಿಯಬಹುದು. ಗಿಣಿ ಹೋದರೆ ನಾವು ಮೂವರೂ ಬೀದಿಗೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಹದಿನಾಲ್ಕನೇ ಕಲಮು ಕೈಬಿಡುತ್ತಾರೆ ಎಂದು ನೀನು ಬರೆದದ್ದನ್ನು ಓದಿದ ಮೇಲೆ ಈ ಕಾಗದ ಬರೆಯಲು ಕೂತೆ. ವರದಿ ಇಲ್ಲ ಎನ್ನುತ್ತಾರೆ ವಕೀಲರು. ವರದಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ತಮ್ಮ

&nbsp;

ಫೆಬ್ರವರಿ 21

ತಮ್ಮನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಕುಣಿಯಬೇಕು ಎನಿಸಿತು. ಎರಡು ತಿಂಗಳಿಂದ ನಾನು ಹುಡುಕುತ್ತಿದ್ದ ಉದಾಹರಣೆ ಕೈಗೆ ಬಂದು ಬಿದ್ದಿತ್ತು. ಎರಡನೇ ಸಲ ಓದುವಾಗ ಅದರ ಕೆಳಗೆ ನಿನ್ನ ಸಹಿ ಕಾಣಿಸಿತು.

ಚೀಲ ಮಾರ್ಚ್ ಒಂದಕ್ಕೆ ಹೋಗುತ್ತದೆ. ಅಲ್ಲಿಯ ತನಕ ಈ ಪತ್ರ ನಿನ್ನದು. ಒಮ್ಮೆ ದಫ್ತರಕ್ಕೆ ಹೋದರೆ ಒಕ್ಕೂಟದ ವಕೀಲರು ಅದೇ ದಿನ ಓದುತ್ತಾರೆ.

ಅಧಿಕಾರಿಯಾಗಿ ನಾನು ನಿನಗೆ ಏನನ್ನೂ ಹೇಳುವಂತಿಲ್ಲ. ಅಕ್ಕನಾಗಿ ಹೇಳುತ್ತೇನೆ, ಹಿಂದಕ್ಕೆ ತಗೋ. ಆ ಒಂದೂವರೆ ಕೋಣೆಯನ್ನು ನೀವಿಬ್ಬರೂ ಹೇಗೆ ಕಟ್ಟಿಕೊಂಡಿರಿ ಎಂದು ನನಗೆ ಗೊತ್ತು. ನನ್ನ ಒಂದು ಕಲಮಿಗಾಗಿ ನೀನು ಅದನ್ನು ಕಳೆದುಕೊಳ್ಳುವುದು ನನಗೆ ಬೇಡ. ಕಾನೂನು ಇವತ್ತಲ್ಲದಿದ್ದರೆ ಇನ್ನೊಂದು ವರ್ಷ ಬರಬಹುದು. ಹೀಗೆ ಬರೆಯಬಾರದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಯಮದಂತೆ ಇದರ ಪ್ರತಿಯನ್ನೂ ನಿನ್ನ ಪತ್ರದ ಹಿಂದೆ ಪಿನ್ನು ಮಾಡಿಟ್ಟಿದ್ದೇನೆ. ನೀನು ಹಿಂಪಡೆದರೆ ಎರಡೂ ಹೋಗುತ್ತವೆ.

ಅಕ್ಕ

&nbsp;

ಫೆಬ್ರವರಿ 25

ಅಕ್ಕಾ,

ಮೂವರೂ ಕೂತು ಮಾತಾಡಿದೆವು. ನನ್ನ ಹೆಂಡತಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಆ ಬಡಗಿ ನಿಮಗೆ ನೀರು ಕೊಟ್ರಲ್ಲ, ಅವರಿಗೆ ಏನು ಹೇಳ್ತೀರಿ? ಲೈನ್ ರಿಪೇರಿ ಅಂತಲಾ?" ಮೇಷ್ಟ್ರು ಅಂಚೆ ಚೀಟಿ ತಂದು ಮುಂದಿಟ್ಟರು.

ಕಡತಕ್ಕೆ ಹಾಕು.

ತಮ್ಮ

&nbsp;

ಮಾರ್ಚ್ 6

ಪ್ರಿಯ ತಮ್ಮನಿಗೆ,

ನಿನ್ನ ಪತ್ರ 40ನೇ ಪುಟವಾಗಿ ನೋಂದಣಿಯಾಯಿತು. ಸಮಿತಿಯ ವಿಚಾರಣೆ 13ಕ್ಕೆ. ನಿನಗೂ ನೋಟಿಸು ಬಂದಿರಬೇಕು. ಸಾಕ್ಷಿಗಳು ಕರಡು ಕಚೇರಿಯವರನ್ನು ಭೇಟಿಯಾಗುವಂತಿಲ್ಲ, ಆದ್ದರಿಂದ ಮನೆಗೆ ಬರಬೇಡ.

ನಾನು ಆರಾಮಾಗಿದ್ದೇನೆ. ಬಹಳ ದಿನದಿಂದ ಬಾಕಿ ಇದ್ದ ರಜೆ ಹಾಕಿ ಬೀರು ಜೋಡಿಸುತ್ತಿದ್ದೇನೆ. ಗಿಣಿ ಹೇಗಿದೆ?

ಅಕ್ಕ

&nbsp;

ಮಾರ್ಚ್ 9

ಅಕ್ಕಾ,

ಬೀರು ಜೋಡಿಸು, ಒಳ್ಳೆಯದು. ಗಿಣಿ ಎಂದಿನಂತೆ ಮಾತಾಡುತ್ತಿದೆ. ಇಲ್ಲಿ ಎಲ್ಲರೂ ಸುಖ.

ತಮ್ಮ

&nbsp;

ಮಾರ್ಚ್ 13, ರೈಲಿನಲ್ಲಿ

ಸುಳ್ಳುಗಾತಿ ಅಕ್ಕನಿಗೆ ಸುಳ್ಳುಗಾರ ತಮ್ಮನ ನಮಸ್ಕಾರ.

ರಜೆಯಂತೆ, ಬೀರುವಂತೆ. ಅಮ್ಮ ನನಗೆ ಫೋನ್ ಮಾಡಿದ್ದಳು. "ಮಸೂದೆ ವಿಷ್ಯ ಮಾತಾಡಬಾರ್ದು, ನಾನು ಮಾತಾಡಲ್ಲ. ನಿಮ್ಮಕ್ಕ ಮೂರು ದಿನದಿಂದ ಮನೇಲಿದ್ದಾಳೆ, ತೊಳೆದ ಪಾತ್ರೇನೇ ಮತ್ತೆ ತೊಳೀತಿದ್ದಾಳೆ. ಇದು ಪಾತ್ರೆ ವಿಷ್ಯ, ಹೇಳಬಹುದು" ಅಂದಳು. ತಮ್ಮನಿಗೆ ಹೇಳಿಕೊಟ್ಟು ದೂರು ಬರೆಸಿದ್ದಾಳೆ ಎಂದು ಒಕ್ಕೂಟದವರು ಆರೋಪ ಮಾಡಿದ್ದಾರೆ, ವಿಚಾರಣೆ ಮುಗಿಯುವ ತನಕ ನಿನ್ನನ್ನು ಮಸೂದೆಯಿಂದ ದೂರ ಇಟ್ಟಿದ್ದಾರೆ ಎಂದು ವಿಚಾರಣೆಯ ನೋಟಿಸಿನ ಜೊತೆ ಬಂದ ಕಾಗದದಲ್ಲೇ ಇತ್ತು. ಹದಿನಾರು ವರ್ಷದ ನೌಕರಿ ನಿನ್ನದು. ರೈಲು ಹತ್ತುವಾಗ ನನಗೆ ಇದ್ದ ಭಯ ಗಿಣಿಯದಲ್ಲ, ನಿನ್ನದು.

ನನ್ನ ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ಮಾರ್ಚ್ ನಾಲ್ಕರಂದೇ ಕಂಪನಿ ಸಂಪರ್ಕ ಕಡಿಯಿತು. ಒಂಬತ್ತು ದಿನದಿಂದ ಅರವತ್ತೆರಡು ಅಂಗಡಿಗಳ ಫೋನನ್ನು ನಾವು ಮೂವರೇ ಎತ್ತುತ್ತಿದ್ದೇವೆ. ಗಂಟಲು ಕಟ್ಟಿದೆ. ಆದರೆ ನಗು ಎಷ್ಟು ಎಂದರೆ ಹೇಳಲಾರೆ. ಮೇಷ್ಟ್ರು ಯಾರಿಗೂ ಬರೀ ಗುಳಿಗೆಯ ಹೊತ್ತು ಹೇಳುವುದಿಲ್ಲ, ಅದು ಹೊಟ್ಟೆಯೊಳಗೆ ಹೇಗೆ ಕರಗುತ್ತದೆ ಎಂದು ಪಾಠ ಮಾಡಿ, ಕೊನೆಗೆ ಪ್ರಶ್ನೆ ಕೇಳುತ್ತಾರೆ. ಒಬ್ಬ ಅಜ್ಜ ಸರಿಯಾದ ಉತ್ತರ ಹೇಳಿದರಂತೆ, ಇವರು ಅರ್ಧ ದಿನ ಅದನ್ನೇ ಹೇಳಿಕೊಂಡು ಓಡಾಡಿದರು. ನಮ್ಮನ್ನು ಬೈದ ಆ ನರ್ಸಮ್ಮ ವಿಷಯ ತಿಳಿದು ತಾವೇ ಬಂದು ಕೂತಿದ್ದಾರೆ, ಬೆಳಗಿನ ಸರದಿ ಅವರದು. ಅರವತ್ತೆರಡರಲ್ಲಿ ಒಂದು ಅಂಗಡಿಯೂ ನಮ್ಮನ್ನು ಬಿಟ್ಟಿಲ್ಲ.

ಈಗ ವಿಚಾರಣೆ. ಅಮ್ಮ ಮನೆಗೆ ಬಂದು ಹೇಳಿರುತ್ತಾಳೆ, ತನ್ನ ಪಾತ್ರವನ್ನು ಸ್ವಲ್ಪ ದೊಡ್ಡದು ಮಾಡಿಯೇ ಹೇಳಿರುತ್ತಾಳೆ. ನನ್ನ ಬಾಯಿಂದಲೂ ಕೇಳು.

ಉದ್ದನೆಯ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ಮಧ್ಯದಲ್ಲಿ ಸಮಿತಿಯ ಅಧ್ಯಕ್ಷೆ. ಆದದ್ದನ್ನೆಲ್ಲ ಹೇಳಿದೆ. ವಕೀಲರು ಬಹಳ ಮೆತ್ತಗೆ ಎದ್ದು, "ಇಪ್ಪತ್ತೆರಡು ದಿನ ಸುಮ್ಮನಿದ್ದವರು, ನಿಮ್ಮ ಅಕ್ಕನ ಕಲಮು ಬೀಳುತ್ತದೆ ಎಂದಾಗ ಮಾತ್ರ ಬರೆದಿರಿ. ಆಕೆಯೇ ಬರೆಸಿದ್ದು ಅಲ್ಲವೇ?" ಎಂದರು. ಇಲ್ಲ ಎಂದೆ. "ಸಾಕ್ಷಿ?" ಎಂದರು. ನಿನ್ನ ಕಾಗದ ನೆನಪಾಯಿತು, ಆದರೆ ಅದನ್ನು ಹೇಳಿದರೆ ಅಧಿಕಾರಿಯಾಗಿ ನೀನು ಬರೆಯಬಾರದ್ದನ್ನು ಬರೆದೆ ಎಂದು ಇನ್ನೂ ಸಿಕ್ಕಿಬೀಳುತ್ತೀಯ ಎನಿಸಿ ಆ ಮಾತು ಎತ್ತಲಿಲ್ಲ.

ಆಗ ಹಿಂದಿನ ಬೆಂಚಿನಿಂದ ನಮ್ಮಮ್ಮನ ದನಿ. "ಸ್ವಾಮಿ, ನೀವು ನಲವತ್ತನೇ ಪುಟಕ್ಕೇ ನಿಲ್ಲಿಸಿಬಿಟ್ಟಿದ್ದೀರಿ. ಮುಂದಿನ ಪುಟ ಓದಿ."

ಅಧ್ಯಕ್ಷೆ, "ನೋಡೋಕೆ ಬಂದವರು ಮಾತಾಡಬಾರದಮ್ಮಾ" ಅಂದರು.

"ಮಾತಾಡಲ್ಲ ತಾಯಿ. ನೀವು ಪುಟ ತಿರುವಿ, ನಾನು ಸುಮ್ನೆ ಕೂತ್ಕೋತೀನಿ."

ಅಧ್ಯಕ್ಷೆ ಪುಟ ತಿರುವಿದರು. ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಗಟ್ಟಿಯಾಗಿ. "ಅಕ್ಕನಾಗಿ ಹೇಳುತ್ತೇನೆ, ಹಿಂದಕ್ಕೆ ತಗೋ." ಅಕ್ಕಾ, ನಿನ್ನ ಆ ಸಾಲುಗಳನ್ನು ಹೊರಗಿನವರ ಮುಂದೆ, ಹೊರಗಿನವರ ಬಾಯಲ್ಲಿ ಕೇಳಿ ನನಗೆ ಕಣ್ಣು ತುಂಬಿತು. ನಾನು ಅದನ್ನು ಮುಚ್ಚಿಡಲು ಹೋಗುವುದಿಲ್ಲ, ಹೇಗೂ ಇದನ್ನು ಗುಮಾಸ್ತೆ ಅಮ್ಮನೂ ಓದುತ್ತಾರೆ.

"ಹಿಂದಕ್ಕೆ ತಗೋ ಅಂದವರು ಬರೆಸಿದ್ದು ಹೇಗೆ?" ಎಂದರು ಅಧ್ಯಕ್ಷೆ. ಆಮೇಲೆ ವಕೀಲರ ಕಡೆ ತಿರುಗಿದರು. "ಇನ್ನೊಂದು ಹೇಳಿ. ದೋಷದ ಬಗ್ಗೆ ಬಾಯಿ ಬಿಟ್ಟರೆ ಸಂಪರ್ಕ ಕಡಿಯುತ್ತೇವೆ ಅನ್ನೋ ಸಾಲು ಇವರೊಬ್ಬರ ಕರಾರಿನಲ್ಲಿದೆಯೋ, ಎಲ್ಲರದರಲ್ಲೂ ಇದೆಯೋ?"

"ಎಲ್ಲದರಲ್ಲೂ ಇದೆ. ಸಾಮಾನ್ಯ ಷರತ್ತು."

"ಹಾಗಾದ್ರೆ ಎರಡು ವರ್ಷದಲ್ಲಿ ಒಂದೂ ವರದಿ ಬರಲಿಲ್ಲ ಅಂತ ನೀವು ಆಶ್ಚರ್ಯಪಡೋದು ಯಾಕೆ?"

ಮೊದಲು ನಕ್ಕವಳು ಅಮ್ಮ. ಆಮೇಲೆ ಇಡೀ ಕೋಣೆ. ನಗು ಇಳಿಯುವಷ್ಟರಲ್ಲಿ ಹಿಂದೆ ಕೂತಿದ್ದ, ಇಂಥದೇ ಯಂತ್ರದಿಂದ ಶಾಲಾ ಬಸ್ಸುಗಳಿಗೆ ದಾರಿ ಗೊತ್ತುಮಾಡುವ ಹೆಂಗಸೊಬ್ಬರು ಎದ್ದು ನಿಂತು, "ಮೇಡಂ, ನಮ್ಮದೂ ಒಂದಿದೆ, ಹೇಳಬಹುದಾ?" ಅಂದರು. ಅವರ ಹಿಂದೆ ಇನ್ನೊಬ್ಬರು.

ಹೊರಗೆ ಬಂದಾಗ ಅಮ್ಮ ನನ್ನ ಕಿವಿ ಹಿಂಡಿ, "ಹವೆ ಚೆನ್ನಾಗಿದೆಯಂತೆ, ಹವೆ" ಅಂದಳು. ನಿನ್ನ ಊರಿಗೆ ಬಂದು ನಿನ್ನ ಮನೆಗೆ ಬಾರದೆ ಹೋಗುತ್ತಿದ್ದೇನೆ. ಮನಸ್ಸು ಮಾತ್ರ ಹಗುರವಾಗಿದೆ.

ತಮ್ಮ

&nbsp;

ಏಪ್ರಿಲ್ 11

ನನ್ನ ಪ್ರೀತಿಯ ತಮ್ಮನಿಗೆ,

ನಿನ್ನೆ ಮತಕ್ಕೆ ಹಾಕಿದರು. ಮಸೂದೆ ಪಾಸಾಯಿತು. ಹದಿನಾಲ್ಕನೇ ಕಲಮು ಒಂದಕ್ಷರವೂ ಕಡಿಮೆಯಾಗದೆ ಪಾಸಾಯಿತು. ಮುಂಚಿತವಾಗಿ ತಿಳಿಸದೆ ಮಿದುಳು ಬದಲಾಯಿಸುವಂತಿಲ್ಲ ಎಂಬ ಹೊಸ ಉಪಕಲಮು ಸೇರಿದೆ, ಅದು ನಿನ್ನ ಬಡಗಿಯ ಅಂಗಳದಿಂದ ಬಂದದ್ದು. ಕೇಂದ್ರ ಕಾನೂನು ಬಂದ ದಿನ ಇದು ಅದಕ್ಕೆ ದಾರಿ ಬಿಡುತ್ತದೆ ಎಂದೂ ಬರೆದಿದ್ದೇವೆ. ವಕೀಲರ ಆ ವಾದ ನ್ಯಾಯವಾದದ್ದೇ ಆಗಿತ್ತು, ಅದನ್ನು ನಾನೇ ಕೂತು ಬರೆದೆ.

ವಿಚಾರಣೆಯಾದ ಮರುದಿನವೇ ನನ್ನನ್ನು ಮಸೂದೆಯ ಕೆಲಸಕ್ಕೆ ವಾಪಸು ಕರೆಸಿಕೊಂಡರು. ನಾನು ಕಚೇರಿಯ ಪತ್ರದಲ್ಲಿ ಖಾಸಗಿ ಸಲಹೆ ಬರೆದದ್ದಕ್ಕೆ ಮುಖ್ಯ ಕರಡುಗಾರರು ಒಂದು ಮೆಮೊ ಕೊಟ್ಟರು. ಸಹಿ ಹಾಕಿದೆ. ಅದನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ ಮೇಲೆ, "ನನಗೂ ಒಬ್ಬ ತಮ್ಮ ಇದ್ದಾನೆ" ಎಂದು ಚಹಾ ತರಿಸಿದರು.

ಆ ಬಸ್ಸಿನವರು ಎದ್ದು ನಿಂತರಲ್ಲ, ಆಮೇಲೆ ಚೀಲ ತುಂಬಿ ಬರತೊಡಗಿತು. ನಲವತ್ಮೂರು ಕಾಗದ. ಪ್ರತಿಯೊಂದರಲ್ಲೂ ಯಾರೋ ಒಬ್ಬರು ಹೆದರಿಕೊಂಡು ಮುಚ್ಚಿಟ್ಟ ಒಂದು ತಪ್ಪು. ಕಡತ ಎರಡನೇ ಸಂಪುಟಕ್ಕೆ ಹೋಗಿದೆ. ಅಮ್ಮನಿಗೆ ಗುಮಾಸ್ತೆ ಖಾಯಂ ಓದುಗರ ಚೀಟಿ ಮಾಡಿಸಿಕೊಟ್ಟಿದ್ದಾರೆ.

ನಿನ್ನ ಆ ದೊಡ್ಡ ಕಂಪನಿ ವಿಚಾರಣೆಯಾದ ಎರಡೇ ದಿನಕ್ಕೆ ಗಿಣಿಯ ಸಂಪರ್ಕವನ್ನು ವಾಪಸು ಕೊಟ್ಟು, "ತಾಂತ್ರಿಕ ಕಾರಣಗಳಿಂದ ಅಡಚಣೆಯಾಗಿತ್ತು" ಎಂದು ಬರೆದಿದೆಯಂತೆ. ಅದನ್ನು ಕೇಳಿ ಅಮ್ಮ, "ಇವರದೂ ಲೈನ್ ರಿಪೇರಿ" ಅಂದಳು.

ನೀನು ಆ ಪತ್ರವನ್ನು ಹಿಂದಕ್ಕೆ ಪಡೆಯುವಂತೆ ಮಾಡಲು ನಾನು ನೋಡಿದೆ. ನೀನು ಕೇಳಲಿಲ್ಲ. ನನ್ನ ಜೀವನದಲ್ಲಿ ನೀನು ನನ್ನ ಮಾತು ಮೀರಿದ್ದಕ್ಕೆ ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು. ಕಾನೂನು ಜುಲೈ ಒಂದಕ್ಕೆ ಜಾರಿಗೆ ಬರುತ್ತದೆ.

ಅಕ್ಕ

&nbsp;

ಜುಲೈ 1

ಗೆ: ದೋಷ ವರದಿ ಕಚೇರಿ. ಪ್ರತಿ: ಅಕ್ಕನಿಗೆ.

ಹದಿನಾಲ್ಕನೇ ಕಲಮಿನ ಅಡಿಯಲ್ಲಿ ವರದಿ.

ನಿನ್ನೆ ಸಂಜೆ ನಮ್ಮ ಯಂತ್ರ ಗಿಣಿ, ಮಂಡಿನೋವಿನ ಗುಳಿಗೆಯ ಬಗ್ಗೆ ಕೇಳಿದ ಗೃಹಸ್ಥರೊಬ್ಬರಿಗೆ, ಅದೇ ಫೋನ್ ನಂಬರಿನಲ್ಲಿ ದಾಖಲಾಗಿದ್ದ ಅವರ ನಾಯಿಯ ಚೀಟಿಯನ್ನು ಓದಿ ಹೇಳಿದೆ. "ಊಟದಲ್ಲಿ ಪುಡಿ ಮಾಡಿ ಬೆರೆಸಿ, ತಿಂದ ಮೇಲೆ ತಲೆ ಸವರಿ" ಎಂದದ್ದರಿಂದ ಅವರಿಗೆ ಅನುಮಾನ ಬಂದು ಅಂಗಡಿಗೆ ಫೋನ್ ಮಾಡಿದ್ದಾರೆ. ಗುಳಿಗೆ ತೆಗೆದುಕೊಂಡಿಲ್ಲ. ಇಬ್ಬರೂ ಕ್ಷೇಮ.

ಈ ಸಲ ಕಂಪನಿಯದೇನೂ ತಪ್ಪಿಲ್ಲ. ಒಂದೇ ನಂಬರಿನಲ್ಲಿ ಎರಡು ಚೀಟಿ ಇರಬಹುದು ಎಂದು ನಾನು ಯೋಚಿಸಿರಲಿಲ್ಲ. ತಪ್ಪು ನನ್ನದು. ಬೆಳಿಗ್ಗೆ ಕರೆಗಳನ್ನು ಕೇಳಿದ ಮೇಷ್ಟ್ರು ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದಾರೆ. ಸರಿಪಡಿಸಿದ್ದೇವೆ, ವಿವರ ಲಗತ್ತಿಸಿದೆ.

ಅಕ್ಕಾ, ಮೊದಲನೇ ವರದಿ ಬರೆಯಲು ನನಗೆ ಇಪ್ಪತ್ತೆರಡು ದಿನ ಹಿಡಿದಿತ್ತು. ಇದನ್ನು ಬರೆದು ಮುಗಿಸಿದಾಗ ಮೇಜಿನ ಮೇಲಿನ ಚಹಾ ಇನ್ನೂ ಬಿಸಿಯಾಗಿತ್ತು.